ಬೆಟ್ಟ ಅಗೆದವರ ಬಾಕಿ

ಗಂಗಾನಗರದ ಬಸ್ ನಿಲ್ದಾಣದಲ್ಲಿ ನಿಂತು ಇದು ಯಾವ ರಸ್ತೆ ಎಂದು ಕೇಳಿದರೆ ಮಕ್ಕಳೂ ಹೇಳುತ್ತಾರೆ, ಬಳ್ಳಾರಿ ರಸ್ತೆ. ಇದೇ ರಸ್ತೆಯಲ್ಲಿ ಸಿಬಿಐ ಕಚೇರಿಯಿದೆ. ಬೇಲೆಕೇರಿ ಬಂದರಿನಿಂದ ಅದಿರು ನಾಪತ್ತೆಯಾದ ಪ್ರಕರಣವನ್ನು ಸುಪ್ರೀಂ ಕೋರ್ಟ್ ಒಪ್ಪಿಸಿದ್ದು ಸಿಬಿಐಗೇ. ಸರಿ, ಕಳ್ಳ ಸಿಕ್ಕ ಎಂದುಕೊಳ್ಳೋಣ. ಕೆಟ್ಟುಹೋದ ಬೆಟ್ಟದ ರಿಪೇರಿ ಖರ್ಚು ಯಾರದು?

ಬೆಂಗಳೂರಿನ ಬಾಡಿಗೆ ಮನೆಯವರಿಗೆ ಈ ಲೆಕ್ಕ ಗೊತ್ತು. ಮನೆ ಬಿಡುವಾಗ ಗೋಡೆ ಕೆಟ್ಟಿದ್ದರೆ ಅಡ್ವಾನ್ಸಿನಲ್ಲಿ ಬಣ್ಣದ ಖರ್ಚು ಮುರಿದುಕೊಳ್ಳುತ್ತಾರೆ. ಗಣಿಗೂ 2003ರಿಂದ ಅಂಥದ್ದೇ ನಿಯಮವಿದೆ. ಗಣಿ ಮುಚ್ಚುವ ಯೋಜನೆಯನ್ನು ಮೊದಲೇ ಬರೆದುಕೊಟ್ಟು, ಅದಕ್ಕೆ ಭದ್ರತೆಯಾಗಿ ಹಣದ ಖಾತರಿ ಕೊಡಬೇಕು. ಆದರೆ ಸಂಡೂರಿನಲ್ಲಿ ಕೆಟ್ಟದ್ದು ಗೋಡೆಯ ಬಣ್ಣ ಮಾತ್ರವಲ್ಲ.

ಕಬ್ಬಿಣದ ಅದಿರು ಸಿಗಬೇಕಾದರೆ ಮೊದಲು ಮೇಲಿನ ಮಣ್ಣು, ಬೇಡವಾದ ಕಲ್ಲು ಎತ್ತಿ ಪಕ್ಕಕ್ಕೆ ಸುರಿಯಬೇಕು. ಇಳಿಜಾರಿನಲ್ಲಿ ಸುರಿದ ಆ ರಾಶಿ ಜೋರು ಮಳೆಗೆ ಜಾರುತ್ತದೆ. ಹಳ್ಳ ಕೆಂಪಾಗುತ್ತದೆ, ಕೆರೆಗೆ ಹೂಳು ತುಂಬುತ್ತದೆ, ಹೊಲದ ಮೇಲೆ ಬೆಳೆಗೆ ಬಾರದ ಮಣ್ಣು ಕೂರುತ್ತದೆ. ಬೇಸಿಗೆಯಲ್ಲಿ ಲಾರಿಗಳ ದೂಳು ಬೇರೆ.

ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಜುಲೈ 29ರಂದು ಬಳ್ಳಾರಿಯಲ್ಲಿ, ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರುಗಳಲ್ಲಿ ಗಣಿಗಾರಿಕೆ ನಿಂತಿತು. ತಪ್ಪಿಗೆ ತಕ್ಕಂತೆ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು. 2013ರ ತೀರ್ಪಿನಲ್ಲಿ ‘ಸಿ’ ಗುತ್ತಿಗೆಗಳು ರದ್ದಾದವು. ‘ಬಿ’ಯವರು ಗಡಿ ದಾಟಿ ಅಗೆದ ಗುಂಡಿಗೆ ಹೆಕ್ಟೇರಿಗೆ 5 ಕೋಟಿ ರೂಪಾಯಿ, ಗಡಿಯಾಚೆ ಮಣ್ಣು ಸುರಿದ ಜಾಗಕ್ಕೆ ಹೆಕ್ಟೇರಿಗೆ 1 ಕೋಟಿ ಕಟ್ಟಬೇಕಾಯಿತು. ತಡೆಗೋಡೆ, ಚೆಕ್ ಡ್ಯಾಂ, ಹುಲ್ಲು, ಗಿಡ ಎಲ್ಲದರ ಯೋಜನೆ ಒಪ್ಪಿಸಿದ ಮೇಲೆಯೇ ಗಣಿ ಮತ್ತೆ ತೆರೆಯಬಹುದಿತ್ತು. ಅದಿರು ಮಾರಿದ ಹಣದಲ್ಲೂ ಒಂದು ಪಾಲು ಪುನಶ್ಚೇತನದ ನಿಧಿಗೆ.

ಹಣ ಸಾವಿರಾರು ಕೋಟಿ ಸೇರಿತು. ಖರ್ಚು ಮಾಡಲು 2014ರಲ್ಲಿ ನಿಗಮವೂ ಹುಟ್ಟಿತು. ಸುಮಾರು 25 ಸಾವಿರ ಕೋಟಿಯ ಯೋಜನೆಗೆ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನು ಮೇಲ್ವಿಚಾರಕರಾಗಿ ಕೋರ್ಟ್ ನೇಮಿಸಿದ್ದು 2022ರಲ್ಲಿ. ಗಣಿ ನಿಂತಾಗ ಒಂದನೇ ತರಗತಿಯಲ್ಲಿದ್ದ ಸಂಡೂರಿನ ಮಗು ಅಷ್ಟರಲ್ಲಿ ಪಿಯುಸಿ ಮುಟ್ಟಿತ್ತು!

ಕೋಲಾರದ ಚಿನ್ನದ ಗಣಿಯ ಕಾಲಕ್ಕೆ ಇಂಥ ಅಡ್ವಾನ್ಸೂ ಇರಲಿಲ್ಲ. ಅದಿರನ್ನು ಪುಡಿ ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದು, ಉಳಿದ ಹಿಟ್ಟನ್ನು ಊರ ಪಕ್ಕ ಗುಡ್ಡೆ ಹಾಕಿದರು. 1880ರಿಂದ ಅಗೆದ ಜಾನ್ ಟೇಲರ್ ಕಂಪನಿಯವರು ಹೋದರು, 1956ರಲ್ಲಿ ಗಣಿ ಮೈಸೂರು ಸರ್ಕಾರಕ್ಕೆ ಬಂತು, 2001ರಲ್ಲಿ ನಷ್ಟದಲ್ಲೇ ಮುಚ್ಚಿತು. ಸುಮಾರು 3.3 ಕೋಟಿ ಟನ್ ತೂಗುವ 13 ಗುಡ್ಡಗಳು ಅಲ್ಲೇ ಉಳಿದವು. ಅವುಗಳಲ್ಲಿ ಉಳಿದಿರುವ ಚಿನ್ನಕ್ಕಾಗಿ ಹರಾಜು ಹಾಕುವ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸರ್ಕಾರ ಒಪ್ಪಿತು. ಬೇಸಿಗೆಯ ಗಾಳಿಗೆ ಆ ಬಿಳಿ ದೂಳು ಈಗಲೂ ಹತ್ತಿರದ ಮನೆಗಳ ಮೇಲೆ ಬೀಳುತ್ತದೆ.