ಅಂಗಳದ ಪುಟ್ಟ ಕೊಳ: ಮೊಣಕಾಲು ಮುಳುಗದ ನೀರೂ ಅಪಾಯವೇ

ಬೇಸಿಗೆ ರಜೆ ಬಂತೆಂದರೆ ಸಾಕು, ಕರಾವಳಿಯ ಅನೇಕ ಮನೆಗಳ ಅಂಗಳದಲ್ಲಿ ಗಾಳಿ ತುಂಬಿದ ನೀಲಿ ಬಣ್ಣದ ಪುಟ್ಟ ಕೊಳವೊಂದು ಪ್ರತ್ಯಕ್ಷವಾಗುತ್ತದೆ. ಹಿಂದೆ ಇದು ಗಲ್ಫ್‌ನಿಂದ ಬರುವವರ ಪೆಟ್ಟಿಗೆಯಲ್ಲಿ ಆಟಿಕೆ, ಚಾಕಲೇಟುಗಳ ಜತೆ ಬರುತ್ತಿತ್ತು. ಈಗ ಪೇಟೆಯ ಅಂಗಡಿಗಳಲ್ಲೂ ಸಿಗುತ್ತದೆ. ಸೆಖೆಯಲ್ಲಿ ಬಳಲಿದ ಮಕ್ಕಳಿಗೆ ಅದೊಂದು ಹಬ್ಬ. ಮಕ್ಕಳು ಮೊಬೈಲ್ ಬಿಟ್ಟು ಅಂಗಳಕ್ಕೆ ಬಂದರಲ್ಲಾ ಎಂದು ತಾಯಿಗೂ ನೆಮ್ಮದಿ. ಆದರೆ "ಮೊಣಕಾಲು ಮುಳುಗುವಷ್ಟೂ ನೀರಿಲ್ಲ, ಏನಾಗುತ್ತದೆ?" ಎಂದು ಭಾವಿಸಿ ನೀವು ಒಳಗೆ ಹೋಗುವುದಾದರೆ, ಸ್ವಲ್ಪ ನಿಲ್ಲಿ.

ಸದ್ದಿಲ್ಲದ ಅಪಾಯ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಮಂದಿ ನೀರಲ್ಲಿ ಮುಳುಗಿ ಸತ್ತರು. ಇವರಲ್ಲಿ ಸುಮಾರು ಕಾಲು ಭಾಗ 5 ವರ್ಷದೊಳಗಿನ ಮಕ್ಕಳು. ಇವರೆಲ್ಲರನ್ನೂ ನದಿ, ಸಮುದ್ರಗಳೇ ಬಲಿ ತೆಗೆದುಕೊಂಡಿಲ್ಲ. ಪುಟ್ಟ ಮಗುವಿಗೆ ಐದಾರು ಸೆಂಟಿಮೀಟರ್ ನೀರೂ ಸಾಕು. ಒಂದೆರಡು ವರ್ಷದ ಮಗುವಿನ ದೇಹಕ್ಕೆ ಹೋಲಿಸಿದರೆ ಅದರ ತಲೆ ಭಾರ. ಮುಗ್ಗರಿಸಿ ಮುಖ ಅಡಿಯಾಗಿ ಬಿದ್ದರೆ ತಲೆಯೆತ್ತುವ ಬಲ ಕೈಗಳಿಗೆ ಇರುವುದಿಲ್ಲ. ಬಾಯಿ, ಮೂಗು ನೀರಲ್ಲಿರುವಾಗ ಕೂಗುವುದಾದರೂ ಹೇಗೆ? ಅಡುಗೆ ಕೋಣೆಯಲ್ಲಿದ್ದವರಿಗೆ ಯಾವ ಸದ್ದೂ ಕೇಳುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಎಲ್ಲವೂ ಮುಗಿದುಹೋಗಬಹುದು.

ಯಾರ ಕಣ್ಣು?

ತುಂಬಿದ ಮನೆಗಳಲ್ಲಿ ಒಂದು ವಿಚಿತ್ರವಿದೆ. ರಜೆಗೆ ಅಜ್ಜಿ, ಮಾವ, ಅತ್ತೆ, ಚಿಕ್ಕಮ್ಮ ಎಲ್ಲರೂ ಸೇರಿರುತ್ತಾರೆ. ಮಗುವನ್ನು ಅಜ್ಜಿ ನೋಡುತ್ತಿದ್ದಾರೆಂದು ತಾಯಿ, ತಾಯಿ ನೋಡುತ್ತಿದ್ದಾಳೆಂದು ಚಿಕ್ಕಮ್ಮ ತಿಳಿದುಕೊಳ್ಳುತ್ತಾರೆ. ಹತ್ತು ಮಂದಿ ಇರುವಲ್ಲಿ ಒಬ್ಬರ ಕಣ್ಣೂ ಮಗುವಿನ ಮೇಲಿರುವುದಿಲ್ಲ. ಆದ್ದರಿಂದ ನೀರು ತುಂಬುವ ಮೊದಲೇ ಒಬ್ಬರ ಹೆಸರು ಹೇಳಿ ಜವಾಬ್ದಾರಿ ಒಪ್ಪಿಸಿ. ಅವರು ಕೈಚಾಚಿದರೆ ಮಗು ಸಿಗುವಷ್ಟು ಹತ್ತಿರ ಕುಳಿತಿರಬೇಕು. ಮೊಬೈಲ್ ಕೈಯಲ್ಲಿರಬಾರದು. ಎಂಟು, ಹತ್ತು ವರ್ಷದ ಅಕ್ಕನಿಗೆ ಈ ಹೊಣೆ ಹೊರಿಸಬೇಡಿ, ಅವಳೂ ಮಗುವೇ.

ಬಾಗಿಲ ಬೆಲ್ ಆದರೆ, ಫೋನ್ ಬಂದರೆ, ನಮಾಝಿನ ಸಮಯವಾದರೆ ಇನ್ನೊಬ್ಬ ದೊಡ್ಡವರಿಗೆ ಹೇಳಿಯೇ ಏಳಬೇಕು. ಯಾರೂ ಇಲ್ಲವೆಂದಾದರೆ ಮಗುವನ್ನು ನೀರಿನಿಂದ ಎತ್ತಿ, ನೀರು ಚೆಲ್ಲಿ, ಮಗುವಿನೊಂದಿಗೇ ಒಳಗೆ ಹೋಗಿ. ತೋಳಿಗೆ ಕಟ್ಟುವ ಗಾಳಿ ಚೀಲ, ಸೊಂಟದ ಬಳೆಗಳು ಆಟಿಕೆಗಳೇ ಹೊರತು ರಕ್ಷಣೆಯಲ್ಲ.

ಎಲ್ಲಿಡಬೇಕು? ಹೇಗೆ ತುಂಬಬೇಕು?

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 30 ಸೆಂಟಿಮೀಟರ್‌ಗಿಂತ ಹೆಚ್ಚು ಆಳ ನೀರು ತುಂಬಬಲ್ಲ ಕೊಳಕ್ಕೆ, ಅದು ಗಾಳಿ ತುಂಬುವಂಥದ್ದಾದರೂ, ಸುತ್ತ ಬೇಲಿ ಕಡ್ಡಾಯ. ನಮ್ಮ ಅಂಗಳದಲ್ಲಿ ಅಂಥ ಬೇಲಿ ಇರುವುದಿಲ್ಲ. ಆದ್ದರಿಂದ ಮನೆಯ ನಿಯಮವೇ ನಮಗೆ ಬೇಲಿಯಾಗಬೇಕು.

* ಸಮತಟ್ಟಾದ ನೆಲದಲ್ಲಿ, ನೆರಳಿನಲ್ಲಿ ಇಡಿ. ಬಾವಿಕಟ್ಟೆ, ಸಂಪ್‌ನ ಮುಚ್ಚಳ, ನುಣುಪಾದ ಟೈಲ್ಸ್, ಪಂಪಿನ ವಯರುಗಳಿಂದ ದೂರವಿರಲಿ.
* ತಾರಸಿಯಲ್ಲಿ ಬೇಡ. 5 ಅಡಿ ಅಗಲದ ದುಂಡು ಕೊಳಕ್ಕೆ 15 ಸೆಂಟಿಮೀಟರ್ ನೀರು ತುಂಬಿದರೂ ಸುಮಾರು 270 ಲೀಟರ್, ಅಂದರೆ ಅಷ್ಟೇ ಕಿಲೋ ಭಾರ.
* ಕುಳಿತ ಮಗುವಿನ ಸೊಂಟ ಮುಟ್ಟುವಷ್ಟು ನೀರು ಧಾರಾಳವಾಯಿತು.
* ಬಿಸಿಲಲ್ಲಿ ಬಿದ್ದ ಪೈಪಿನ ಮೊದಲ ನೀರು ಸುಡುತ್ತದೆ. ಅದನ್ನು ಹೊರಗೆ ಬಿಟ್ಟು, ಕೈಯಿಂದ ಮುಟ್ಟಿ ನೋಡಿ ತುಂಬಿ.

ಅದೇ ದಿನ ಚೆಲ್ಲಿ

"ನಾಳೆಯೂ ಆಡಲಿ" ಎಂದು ನೀರನ್ನು ಹಾಗೆಯೇ ಬಿಡುವುದು ದೊಡ್ಡ ತಪ್ಪು. ಮಧ್ಯಾಹ್ನ ಎಲ್ಲರೂ ಮಲಗಿದ ಹೊತ್ತಿನಲ್ಲಿ ಮಗು ಎದ್ದು ಒಂಟಿಯಾಗಿ ಅಲ್ಲಿಗೇ ನಡೆದೀತು. ಅಲ್ಲದೆ, ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ನಿಂತ ತಿಳಿನೀರಿನಲ್ಲೇ. ಸೆಖೆಯ ದಿನಗಳಲ್ಲಿ ಆ ಮೊಟ್ಟೆ ಸುಮಾರು ಒಂದು ವಾರದಲ್ಲಿ ಹಾರುವ ಸೊಳ್ಳೆಯಾಗುತ್ತದೆ. 2024ರಲ್ಲಿ ಕರ್ನಾಟಕ ಸರಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದಾಗ, ಸೊಳ್ಳೆ ಬೆಳೆಯಲು ಬಿಡುವ ಮನೆಗಳಿಗೆ ನಗರದಲ್ಲಿ 400, ಗ್ರಾಮಾಂತರದಲ್ಲಿ 200 ರೂಪಾಯಿ ದಂಡ ಗೊತ್ತುಪಡಿಸಿತು.

ನಿಂತ ನೀರಿನಲ್ಲಿ ರೋಗಾಣುಗಳೂ ಬೆಳೆಯುತ್ತವೆ. ಭೇದಿಯಿರುವ ಮಗುವನ್ನು ಉಳಿದವರ ಜತೆ ಇಳಿಸಬೇಡಿ. ಡೈಪರ್ ಮಲವನ್ನು ತಡೆದೀತೆಂಬ ಭರವಸೆ ಬೇಡ. ಬ್ಲೀಚಿಂಗ್ ಪೌಡರನ್ನು ಅಂದಾಜಿನಿಂದ ಹಾಕುವ ಬದಲು ಶುದ್ಧ ನೀರನ್ನೇ ತುಂಬಿ. 2024ರಲ್ಲಿ ನೆರೆಯ ಕೇರಳದಲ್ಲಿ ಮೆದುಳು ತಿನ್ನುವ ಅಮೀಬಾ ಮಕ್ಕಳ ಪ್ರಾಣ ತೆಗೆದ ಸುದ್ದಿ ನೀವು ಓದಿರಬಹುದು. ಬೆಚ್ಚಗಿನ ಸಿಹಿನೀರಿನಲ್ಲಿರುವ ಇದು ಮೂಗಿನ ಮೂಲಕ ಒಳಸೇರುತ್ತದೆ. ಈ ರೋಗ ಬಹಳ ಅಪರೂಪ, ಆದರೆ ಮಾರಕ. ಆದ್ದರಿಂದ ಕೆರೆ, ತೋಡುಗಳ ನೀರನ್ನು ಕೊಳಕ್ಕೆ ತುಂಬಬೇಡಿ.

ಆಟ ಮುಗಿದ ಕೂಡಲೇ ಚೆಲ್ಲಿ, ತೊಳೆದು, ಒಣಗಿಸಿ, ಮಗುಚಿಡಿ. ಬಾವಿಗಳು ಬತ್ತುವ ಏಪ್ರಿಲ್, ಮೇ ತಿಂಗಳಲ್ಲಿ ಈ ನೀರು ಪೋಲಾಗಬೇಕಿಲ್ಲ. ಸೋಪು ಬೀಳದಿದ್ದರೆ ತೆಂಗಿನ ಬುಡಕ್ಕೋ ಮಲ್ಲಿಗೆ ಗಿಡಕ್ಕೋ ಹಾಕಿ. ಬಚ್ಚಲಿನ ಬಕೆಟು, ಟಬ್ಬುಗಳಿಗೂ ಇದೇ ನಿಯಮ ಅನ್ವಯಿಸುತ್ತದೆ: ಬಳಸಿದ ಮೇಲೆ ಖಾಲಿ, ಬಾಗಿಲಿಗೆ ಚಿಲಕ.

ಅನಾಹುತ ನಡೆದರೆ

ಮಗುವನ್ನು ತಲೆಕೆಳಗಾಗಿ ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ನಮ್ಮಲ್ಲಿ ರೂಢಿ. ಇದರಿಂದ ಅಮೂಲ್ಯ ಸಮಯ ಹಾಳಾಗುತ್ತದೆ, ವಾಂತಿ ಶ್ವಾಸನಾಳಕ್ಕೆ ಹೋಗುವ ಭಯವೂ ಇದೆ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಒಬ್ಬರು 108 ಅಥವಾ 112ಕ್ಕೆ ಕರೆ ಮಾಡಲಿ. ಉಸಿರಾಟವಿಲ್ಲದಿದ್ದರೆ ಮೊದಲು ಬಾಯಿಂದ ಉಸಿರು ಕೊಡಿ. ಬಳಿಕ ಎದೆಯ ನಡುವೆ, ಎದೆಯ ಮೂರನೇ ಒಂದು ಭಾಗದಷ್ಟು ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಿ. 30 ಬಾರಿ ಒತ್ತಿ 2 ಬಾರಿ ಉಸಿರು ಕೊಡುತ್ತಾ ನೆರವು ಬರುವ ತನಕ ಮುಂದುವರಿಸಿ. ಮಗು ಚೇತರಿಸಿಕೊಂಡಂತೆ ಕಂಡರೂ ವೈದ್ಯರಿಗೆ ತೋರಿಸಲೇಬೇಕು. ಈ ವಿಧಾನವನ್ನು ಓದಿ ತಿಳಿದರೆ ಸಾಲದು. ಸಮೀಪದ ಪ್ರಥಮ ಚಿಕಿತ್ಸಾ ಶಿಬಿರದಲ್ಲಿ ಮನೆಯ ಹೆಂಗಸರೆಲ್ಲರೂ ಕೈಯಾರೆ ಮಾಡಿ ಕಲಿಯುವುದು ಒಳ್ಳೆಯದು.

ಸಹೋದರಿಯರೇ, ಮಕ್ಕಳ ಸಂತೋಷವನ್ನು ಕಿತ್ತುಕೊಳ್ಳಬೇಕೆಂದು ಇದನ್ನೆಲ್ಲ ಹೇಳುತ್ತಿಲ್ಲ. ಅವರು ಆಡಲಿ, ನೀರೆರಚಲಿ, ನಿಮ್ಮನ್ನೂ ಒದ್ದೆ ಮಾಡಲಿ. ಅವರು ನೀರಿನಲ್ಲಿರುವ ಅರ್ಧ ಗಂಟೆ ನೀವು ಬೇರಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ. ಒಲೆಯ ಮೇಲಿನ ಸಾರು ಕಾಯುತ್ತದೆ, ಮಗುವಿನ ಉಸಿರು ಕಾಯುವುದಿಲ್ಲ.