ಹೊನ್ನಿನ ಚಿಪ್ಪು, ಕಾಣದ ಬೆಳಕು

ಔಷಧದಿಂದಲೂ ಶಸ್ತ್ರದಿಂದಲೂ ಕ್ಷಾರದಿಂದಲೂ ಸಾಧ್ಯವಾಗದ ವ್ಯಾಧಿಗಳು ಅಗ್ನಿಯಿಂದ ಸಾಧ್ಯವಾಗುವುವೆಂದು ಸುಶ್ರುತಸಂಹಿತೆಯ ಅಗ್ನಿಕರ್ಮದ ಅಧ್ಯಾಯದಲ್ಲಿ ಹೇಳಿದೆ. ಉಷ್ಣವು ಜೀವಕೋಶವನ್ನು ಕೊಲ್ಲಬಲ್ಲುದೆಂಬುದು ಹೀಗೆ ಬಹು ಹಳೆಯ ತಿಳಿವಳಿಕೆಯೇ. ಶಾಖವು 42 ಡಿಗ್ರಿ ಸೆಲ್ಸಿಯಸ್ಸನ್ನು ದಾಟಿ ಕೆಲಹೊತ್ತು ನಿಂತರೆ ಕೋಶದೊಳಗಿನ ಪ್ರೋಟೀನುಗಳು ತಮ್ಮ ಆಕಾರವನ್ನು ಕಳೆದುಕೊಳ್ಳತೊಡಗುತ್ತವೆ; 50ನ್ನು ಮೀರಿದರೆ ಕೆಲವೇ ನಿಮಿಷಗಳಲ್ಲಿ ಅಂಗಾಂಶವೇ ಬೆಂದು ನಿರ್ಜೀವವಾಗುತ್ತದೆ. ಆದರೆ ಚರ್ಮ, ನರ, ರಕ್ತನಾಳಗಳ ಮರೆಯಲ್ಲಿ ಅಡಗಿ ಬೆಳೆಯುತ್ತಿರುವ ಒಂದು ಗಂಟಿಗೆ ಮಾತ್ರ ಆ ಉಷ್ಣವು ಮುಟ್ಟಬೇಕು, ಅದರ ಮಗ್ಗುಲಿನಲ್ಲಿಯೇ ಇರುವ ಆರೋಗ್ಯವಂತ ಕೋಶಗಳಿಗೆ ಅದರ ಬಿಸಿಯೂ ತಾಗಬಾರದು ಎಂದರೆ ಏನು ಮಾಡಬೇಕೆಂಬ ಪ್ರಶ್ನೆಗೆ, ಕಾಯಿಸಿದ ಶಲಾಕೆಯನ್ನು ಹಿಡಿದ ವೈದ್ಯನಲ್ಲಿ ಉತ್ತರವಿರಲಿಲ್ಲ.

ಬೆಳಕಿನ ಮೂಲಕ ಉಷ್ಣವನ್ನು ಒಳಗೆ ಕಳುಹಿಸುವ ಯೋಚನೆ ಇಲ್ಲಿ ಹುಟ್ಟುತ್ತದೆ. ಕತ್ತಲೆಯಲ್ಲಿ ಅಂಗೈಯ ಹಿಂದೆ ಟಾರ್ಚನ್ನು ಹಿಡಿದವರೆಲ್ಲರೂ ಕಂಡಿರುವಂತೆ, ಮಾಂಸವನ್ನು ತೂರಿ ಈಚೆಗೆ ಬರುವುದು ಕೆಂಪು ಬಣ್ಣವೊಂದೇ. ನೀಲಿಯನ್ನೂ ಹಸುರನ್ನೂ ರಕ್ತದ ಹಿಮೋಗ್ಲೋಬಿನ್ ಹೀರಿಬಿಡುತ್ತದೆ. ಕೆಂಪಿನಿಂದ ಇನ್ನೂ ಆಚೆಗೆ, ಕಣ್ಣಿಗೆ ಕಾಣದ ಅವರಕ್ತ ಕಿರಣಗಳ ಸೀಮೆಯಲ್ಲಿ ಬಹುದೂರ ಹೋದರೆ ದೇಹದ ನೀರೇ ಅವುಗಳನ್ನು ತಡೆಯುತ್ತದೆ. ಇವೆರಡರ ನಡುವೆ, ಸುಮಾರು 650ರಿಂದ 900 ನ್ಯಾನೋಮೀಟರ್ ತರಂಗಾಂತರದವರೆಗೆ, ರಕ್ತವೂ ನೀರೂ ಅಷ್ಟಾಗಿ ಅಡ್ಡಬರದ ಒಂದು ಕಿಂಡಿಯುಂಟು. (ನ್ಯಾನೋಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು.) ಈ ಕಿಂಡಿಯಲ್ಲಿ ನುಗ್ಗುವ ಬೆಳಕು ಹಿತಮಿತವಾಗಿದ್ದರೆ ಅಂಗಾಂಶಕ್ಕೆ ಹಾನಿಮಾಡದೆ ಸಾಗುತ್ತದೆ; ಹಾನಿಮಾಡದಿರುವುದರಿಂದಲೇ ಅದೊಂದರಿಂದ ಉಪಯೋಗವೂ ಇಲ್ಲ. ಗಂಟಿನೊಳಗೆ ಅದನ್ನು ಹಿಡಿದು ನಿಲ್ಲಿಸಿ ಶಾಖವಾಗಿ ಪರಿವರ್ತಿಸುವ ಪದಾರ್ಥವೊಂದು ಕಾದಿರಬೇಕು.

ಅಂಥ ಪದಾರ್ಥವಾಗಿ ಒದಗಿದುದು ಚಿನ್ನ. ಚಿನ್ನವನ್ನು ಅತಿ ಸೂಕ್ಷ್ಮ ಕಣಗಳಾಗಿ ನೀರಿನಲ್ಲಿ ಚೆದುರಿಸಿದರೆ ಅದು ಹಳದಿಯನ್ನು ತೊರೆದು ಮಾಣಿಕ್ಯದ ಕೆಂಪಾಗುವುದನ್ನು ಮೈಕೆಲ್ ಫ್ಯಾರಡೆ 1857ರಲ್ಲಿ ವಿವರಿಸಿದನು. ಅವನು ಸಿದ್ಧಪಡಿಸಿದ ದ್ರವದ ಸೀಸೆಗಳು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಇಂದಿಗೂ ಉಳಿದಿವೆ. 1908ರಲ್ಲಿ ಗುಸ್ಟಾವ್ ಮೀ ಎಂಬ ಜರ್ಮನ್ ಭೌತವಿಜ್ಞಾನಿ ಈ ಬಣ್ಣಕ್ಕೆ ಗಣಿತದ ಉಪಪತ್ತಿಯನ್ನು ಕೊಟ್ಟನು. ಕಣದೊಳಗಿನ ಎಲೆಕ್ಟ್ರಾನುಗಳು ತಮಗೆ ಹೊಂದುವ ಬೆಳಕು ಬಿದ್ದೊಡನೆ ಒಟ್ಟಾಗಿ ಹಿಂದಕ್ಕೂ ಮುಂದಕ್ಕೂ ಓಲಾಡುತ್ತ, ಹೀರಿದ ಶಕ್ತಿಯನ್ನು ಕ್ಷಣಾರ್ಧಕ್ಕಿಂತಲೂ ಎಷ್ಟೋ ಬೇಗನೆ ಶಾಖವಾಗಿ ಬಿಟ್ಟುಕೊಡುತ್ತವೆ. ಒಂದೇ ತೊಡಕೆಂದರೆ, ಗಟ್ಟಿಯಾದ ಪುಟ್ಟ ಚಿನ್ನದ ಗೋಲವು ಹೀರುವುದು 520 ನ್ಯಾನೋಮೀಟರಿನ ಆಸುಪಾಸಿನ ಹಸುರನ್ನು, ಎಂದರೆ ದೇಹದೊಳಕ್ಕೆ ಹೋಗಲಾರದ ಬೆಳಕನ್ನು.

ಅಮೆರಿಕದ ಹ್ಯೂಸ್ಟನ್ ನಗರದ ರೈಸ್ ವಿಶ್ವವಿದ್ಯಾಲಯದಲ್ಲಿ ನವೋಮಿ ಹಾಲಸ್ ಅವರು 1990ರ ದಶಕದಲ್ಲಿ ಈ ತೊಡಕನ್ನು ಬಿಡಿಸಿದ ರೀತಿಯು ನನಗೆ ಇಡೀ ಕಥೆಯಲ್ಲಿಯೇ ಅತ್ಯಂತ ಸೊಗಸಾದ ಭಾಗವಾಗಿ ತೋರುತ್ತದೆ. ಸಿಲಿಕಾದ ಒಂದು ತಿರುಳು, ಅದರ ಸುತ್ತ ಚಿನ್ನದ ತೆಳುಚಿಪ್ಪು. ತಿರುಳಿನ ಗಾತ್ರಕ್ಕೂ ಚಿಪ್ಪಿನ ದಪ್ಪಕ್ಕೂ ಇರುವ ಪ್ರಮಾಣವನ್ನು ಹೆಚ್ಚುಕಡಿಮೆಮಾಡಿ, ತಂಬೂರಿಯ ತಂತಿಯನ್ನು ಬೇಕಾದ ಶ್ರುತಿಗೆ ಕೂಡಿಸುವಂತೆ, ಕಣವನ್ನು ಬೇಕಾದ ಬೆಳಕಿಗೆ ಕೂಡಿಸಬಹುದು. ಸುಮಾರು 120 ನ್ಯಾನೋಮೀಟರಿನ ತಿರುಳಿಗೆ 15 ನ್ಯಾನೋಮೀಟರಿನ ಚಿಪ್ಪನ್ನು ಹೊದಿಸಿದರೆ ಅದು ಸರಿಯಾಗಿ ಆ ಕಿಂಡಿಯ ಬೆಳಕನ್ನೇ ಹೀರುತ್ತದೆ. ಹಾಲಸ್ ಅವರೂ ಅವರ ಸಹೋದ್ಯೋಗಿ ಜೆನಿಫರ್ ವೆಸ್ಟ್ ಅವರೂ ಕೂಡಿ 2003ರಲ್ಲಿ ಇದರಿಂದ ಕ್ಯಾನ್ಸರ್ ಕೋಶಗಳನ್ನು ಸುಡಬಹುದೆಂದು ತೋರಿಸಿದರು. ಮರುವರ್ಷ ಪ್ರಕಟವಾದ ಪ್ರಯೋಗದಲ್ಲಿ, ಚಿಪ್ಪನ್ನೂ ಬೆಳಕನ್ನೂ ಪಡೆದ ಇಲಿಗಳ ಗಂಟುಗಳು ಕರಗಿ, 90 ದಿನಗಳು ಕಳೆದರೂ ಮರಳಲಿಲ್ಲ.

ಸುವರ್ಣಭಸ್ಮವನ್ನು ನೆನೆದು ಇಲ್ಲಿ ಹಿಗ್ಗುವವರಿಗೆ ಒಂದು ಮಾತು ಹೇಳಬೇಕು: ಈ ಚಿಕಿತ್ಸೆಯಲ್ಲಿ ಚಿನ್ನವು ಔಷಧವಲ್ಲ. ಬೆಳಕು ಬೀಳದಿದ್ದರೆ ಅದು ರೋಗಕ್ಕೆ ಏನನ್ನೂ ಮಾಡದು. ಕಣವಿಲ್ಲದಿದ್ದರೆ ಬೆಳಕೂ ಏನನ್ನೂ ಮಾಡದು. ಎರಡೂ ಕೂಡಿದ ಸ್ಥಳದಲ್ಲಿ ಮಾತ್ರ ಸುಡುವಿಕೆ. ರಕ್ತಕ್ಕೆ ಬಿಟ್ಟೊಡನೆ ಮೈಯೆಲ್ಲ ವಿಷವಾಗಿ ಹರಿಯುವ ಕೀಮೋಥೆರಪಿಯ ಮದ್ದಿಗೂ ಇದಕ್ಕೂ ಇರುವ ಅಂತರವು ಇದೇ.

ಮನುಷ್ಯರ ಮೇಲಿನ ಪರೀಕ್ಷೆಗೆ ಪ್ರಾಸ್ಟೇಟ್ ಗ್ರಂಥಿಯನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ಮೂತ್ರನಿಗ್ರಹದ ಸ್ನಾಯುವೂ ಲೈಂಗಿಕ ಶಕ್ತಿಯ ನರಗಳೂ ಆ ಗ್ರಂಥಿಗೆ ಅಂಟಿಕೊಂಡಂತಿರುವುದರಿಂದ, ಅದನ್ನು ಕೊಯ್ದು ತೆಗೆದಾಗ ರೋಗದೊಡನೆ ಇವೂ ಕೆಡುವುದು ಅಪರೂಪವಲ್ಲ. ನ್ಯೂಯಾರ್ಕಿನ ಮೌಂಟ್ ಸೈನಾಯ್ ವೈದ್ಯರ ನೇತೃತ್ವದಲ್ಲಿ ನಡೆದು 2019ರಲ್ಲಿ ವರದಿಯಾದ ಪ್ರಯೋಗದಲ್ಲಿ, 16 ಮಂದಿ ಪುರುಷರಿಗೆ ಹಿಂದಿನ ದಿನ ರಕ್ತನಾಳದ ಮೂಲಕ ಹೊನ್ನಿನ ಚಿಪ್ಪುಗಳನ್ನು ಕೊಟ್ಟು, ಮರುದಿನ ಗ್ರಂಥಿಯೊಳಕ್ಕೆ ಸಣ್ಣ ದ್ಯುತಿತಂತುಗಳನ್ನು ಹಾಯಿಸಿ ಲೇಸರ್ ಬೆಳಕನ್ನು ಹರಿಸಿದರು. 15 ಮಂದಿಯಲ್ಲಿ ಚಿಕಿತ್ಸೆಯನ್ನು ಉದ್ದೇಶಿಸಿದಂತೆ ಪೂರೈಸಲಾಯಿತು. ಮೂತ್ರ ಹಾಗೂ ಲೈಂಗಿಕ ಶಕ್ತಿಗಳ ಮಾಪನದಲ್ಲಿ ಗಣನೀಯವಾದ ಇಳಿಕೆ ಕಾಣಲಿಲ್ಲ. ಹೊರಗಿನಿಂದ ಬೆಳಕು ಚೆಲ್ಲಿ ಒಳಗಿನ ರೋಗವನ್ನು ಕಳೆದರೆಂದು ಯಾರೂ ಭಾವಿಸಬಾರದು. ಕಿಂಡಿಯು ಎಷ್ಟೇ ತೆರೆದಿದ್ದರೂ ಅದರ ಆಳ ಕೆಲವು ಸೆಂಟಿಮೀಟರು ಮಾತ್ರ, ಆದುದರಿಂದಲೇ ಆ ತಂತುಗಳು.

ಕಣಗಳು ಗಂಟಿಗೆ ಹೋಗಿ ಸೇರುವುದಾದರೂ ಹೇಗೆ? ಅವಸರದಿಂದ ಬೆಳೆಯುವ ಗಂಟಿನ ರಕ್ತನಾಳಗಳು ಒರಟಾಗಿ ಹೆಣೆದುಕೊಂಡು ಸೋರುತ್ತವೆಂದೂ, ಸೋರಿದುದು ಅಲ್ಲಿಯೇ ತಂಗುತ್ತದೆಂದೂ ಜಪಾನಿನ ಮಾಟ್ಸುಮುರ ಹಾಗೂ ಮಾಯೆದ 1986ರಲ್ಲಿ ಹೇಳಿದರು. ಈ ಸೋರಿಕೆಯನ್ನು ನಂಬಿ ಕಟ್ಟಿದ ಆಶೆಗಳು ಅನೇಕ. ಟೊರಾಂಟೋದ ವಾರೆನ್ ಚಾನ್ ಅವರ ತಂಡವು ಹತ್ತು ವರ್ಷಗಳ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2016ರಲ್ಲಿ ಲೆಕ್ಕಹಾಕಿದಾಗ, ಕೊಟ್ಟ ನ್ಯಾನೋಕಣಗಳಲ್ಲಿ ಗಂಟನ್ನು ಮುಟ್ಟುವ ಪಾಲು ಮಧ್ಯಮ ಪ್ರಮಾಣದಲ್ಲಿ ನೂರಕ್ಕೆ 0.7 ಎಂದು ಕಂಡುಬಂತು. ಮಿಕ್ಕವುಗಳ ಬಹುಭಾಗವು ಯಕೃತ್ತಿನಲ್ಲಿಯೂ ಪ್ಲೀಹದಲ್ಲಿಯೂ ನೆಲೆಸುತ್ತದೆ. ಚಿನ್ನವು ಅಲ್ಲಿ ಸುಮ್ಮನಿದ್ದರೂ, ಎಷ್ಟು ಕಾಲ ಇರಬಹುದೆಂದು ವೈದ್ಯನು ಕೇಳದೆ ಬಿಡಲಾರನು. ಅಲ್ಲದೆ ರೋಗವು ಚೆದುರಿ ಹಲವೆಡೆ ಬೀಡುಬಿಟ್ಟಿದ್ದರೆ, ಬೆಳಕನ್ನು ಎಲ್ಲಿಗೆ ಒಯ್ಯಬೇಕೆಂಬುದೇ ತಿಳಿಯದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಯಪ್ರಕಾಶ್, ಅಶೋಕ್ ರಾಯಚೂರು ಮೊದಲಾದವರು ಮಾಡಿದ ಕೆಲಸವು ಈ ಎರಡು ಪ್ರಶ್ನೆಗಳನ್ನೂ ಮನಸ್ಸಿನಲ್ಲಿಟ್ಟುಕೊಂಡುದು. ತಾಮ್ರದ ಸಲ್ಫೈಡಿನ ಮೇಲೆ ಚಿನ್ನವನ್ನು ಕೂಡಿಸಿ ಅವರು ತಯಾರಿಸಿದ ಕಣವು 8 ನ್ಯಾನೋಮೀಟರಿಗಿಂತಲೂ ಚಿಕ್ಕದು. ಕೆಲಸ ಮುಗಿದ ಮೇಲೆ ದೇಹವೇ ಅದನ್ನು ಹೊರಹಾಕೀತೆಂದು ನಿರೀಕ್ಷೆ. ಬೆಳಕನ್ನು ಹೀರಿದಾಗ ಅದು ಬಿಸಿಯಾಗುವುದಲ್ಲದೆ ಶ್ರವಣಾತೀತ ಧ್ವನಿತರಂಗಗಳನ್ನೂ ಹೊರಡಿಸುವುದರಿಂದ, ಗಂಟು ಎಲ್ಲಿದೆಯೆಂಬುದನ್ನು ಆ ಧ್ವನಿಯಿಂದಲೇ ಗುರುತಿಸುವ ಮಾರ್ಗವೂ ತೆರೆಯುತ್ತದೆ. 2024ರ ಆರಂಭದಲ್ಲಿ ಸಂಸ್ಥೆಯು ಇದನ್ನು ತಿಳಿಸಿದಾಗ ಪರೀಕ್ಷೆ ನಡೆದಿದ್ದುದು ಪ್ರಯೋಗಶಾಲೆಯಲ್ಲಿ ಬೆಳೆಸಿದ ಶ್ವಾಸಕೋಶದ ಮತ್ತು ಗರ್ಭಕಂಠದ ಕ್ಯಾನ್ಸರ್ ಕೋಶಗಳ ಮೇಲೆ.