ಲೀಗ್ ಇಲ್ಲದ ಕಾಲದ ಚಾಂಪಿಯನ್

ಲುಸಿಯಾ ಹ್ಯಾರಿಸ್ ಕಥೆ ಅವರು ಹುಟ್ಟುವುದಕ್ಕೂ ಮೊದಲೇ, 1932ರಲ್ಲಿ ಶುರುವಾಗುತ್ತದೆ. ಅಮೆರಿಕದ ಮಿಸಿಸಿಪಿ ರಾಜ್ಯದ ಡೆಲ್ಟಾ ಸ್ಟೇಟ್ ಕಾಲೇಜು ಆ ವರ್ಷ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡವನ್ನೇ ಮುಚ್ಚಿಬಿಟ್ಟಿತು. ಈ ಆಟದ ದಣಿವನ್ನು ಹೆಣ್ಣುಮಕ್ಕಳ ಮೈ ತಾಳದು ಎಂಬುದು ಕೊಟ್ಟ ಕಾರಣ. ಆಟಗಾರ್ತಿಯರು ಅತ್ತರು, ತೊಟ್ಟು ಆಡಿದ ಸಮವಸ್ತ್ರಗಳನ್ನು ಸುಟ್ಟುಹಾಕಿದರು. ಅವರಲ್ಲಿ ಮಾರ್ಗರೆಟ್ ವೇಡ್ ಕೂಡ ಒಬ್ಬರು.

ಶಿಕ್ಷಣದಲ್ಲಿ ಹೆಣ್ಣು–ಗಂಡೆಂಬ ಭೇದ ಕೂಡದು ಎಂಬ 'ಟೈಟಲ್ ನೈನ್' ಕಾನೂನು ಬಂದದ್ದು 1972ರಲ್ಲಿ. ಮರುವರ್ಷವೇ ಡೆಲ್ಟಾ ಸ್ಟೇಟ್ ಮತ್ತೆ ತಂಡ ಕಟ್ಟಲು ಹೊರಟಿತು. ಕೋಚ್ ಆಗಿ ಕರೆದದ್ದು ಅದೇ ವೇಡ್ ಅವರನ್ನು. ಆಗ ಅವರಿಗೆ ಅರವತ್ತು ವರ್ಷ. ಅವರಿಗೆ ಬೇಕಿದ್ದದ್ದು ಬುಟ್ಟಿಯ ಬಳಿ ಆಡುವ ಒಬ್ಬ ಎತ್ತರದ ಸೆಂಟರ್.

ಲುಸಿಯಾ ಹುಟ್ಟಿದ್ದು 1955ರಲ್ಲಿ, ಮಿಂಟರ್ ಸಿಟಿ ಎಂಬ ಹತ್ತಿಯ ಸೀಮೆಯ ಊರಿನಲ್ಲಿ. ಬೇರೆಯವರ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಕಪ್ಪು ದಂಪತಿಯ ಹನ್ನೊಂದು ಮಕ್ಕಳಲ್ಲಿ ಹತ್ತನೆಯವರು. ರಾತ್ರಿ ಮಲಗುವ ಹೊತ್ತು ಮೀರಿದ ಮೇಲೂ ಅಮ್ಮನಿಗೆ ಗೊತ್ತಾಗದಂತೆ ಕಂಬಳಿಯ ಮರೆಯಲ್ಲಿ ಟಿವಿ ಹಾಕಿಕೊಂಡು ಬ್ಯಾಸ್ಕೆಟ್‌ಬಾಲ್ ತಾರೆ ಆಸ್ಕರ್ ರಾಬರ್ಟ್‌ಸನ್ ಆಟ ನೋಡುತ್ತಿದ್ದ ಹುಡುಗಿ. ಬೆಳೆದದ್ದು ಆರಡಿ ಮೂರಂಗುಲ. ಮೊದಲು ಸೇರಬೇಕೆಂದಿದ್ದ ಆಲ್‌ಕಾರ್ನ್ ಸ್ಟೇಟ್‌ನಲ್ಲಿ ಮಹಿಳಾ ತಂಡವೇ ಇರಲಿಲ್ಲ. ಡೆಲ್ಟಾ ಸ್ಟೇಟ್‌ನವರು ಹುಡುಕಿಕೊಂಡು ಬಾರದಿದ್ದರೆ ಆಟ ಹೈಸ್ಕೂಲಿಗೇ ಮುಗಿಯುತ್ತಿತ್ತೇನೋ.

ತಂಡದಲ್ಲಿ ಅವರೊಬ್ಬರೇ ಕಪ್ಪು ಆಟಗಾರ್ತಿ. ಬುಟ್ಟಿಯ ಹತ್ತಿರ ನಿಂತು ಚೆಂಡು ಹಿಡಿದರೆಂದರೆ ತಡೆಯುವುದು ಕಷ್ಟವಾಗಿತ್ತು. ಹಿಂದಿನ ಮೂರು ವರ್ಷ ಸತತವಾಗಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿದ್ದ ಇಮ್ಯಾಕ್ಯುಲೇಟಾ ಕಾಲೇಜನ್ನು 1975ರ ಫೈನಲ್‌ನಲ್ಲಿ ವೇಡ್ ಅವರ ಹುಡುಗಿಯರು ಸೋಲಿಸಿದರು. ಆ ಋತುವಿನಲ್ಲಿ ಆಡಿದ 28 ಪಂದ್ಯಗಳಲ್ಲಿ ಒಂದನ್ನೂ ಬಿಟ್ಟುಕೊಡಲಿಲ್ಲ. 1976, 1977ರಲ್ಲೂ ಪ್ರಶಸ್ತಿ ಅವರದೇ. ಲುಸಿಯಾ ಪಂದ್ಯವೊಂದಕ್ಕೆ ಸರಾಸರಿ 25.9 ಪಾಯಿಂಟ್, 14.5 ರೀಬೌಂಡ್ ಗಳಿಸಿದರು. ಒಂದೆರಡು ಪಂದ್ಯಗಳಲ್ಲಲ್ಲ, ಇಡೀ ಕಾಲೇಜು ಆಟದುದ್ದಕ್ಕೂ.

ಮಹಿಳಾ ಬ್ಯಾಸ್ಕೆಟ್‌ಬಾಲ್‌ಗೆ ಒಲಿಂಪಿಕ್ಸ್‌ನಲ್ಲಿ ಜಾಗ ಸಿಕ್ಕಿದ್ದು 1976ರಲ್ಲಿ, ಮಾಂಟ್ರಿಯಲ್‌ನಲ್ಲಿ. ಜಪಾನ್ ವಿರುದ್ಧದ ಪಂದ್ಯದಲ್ಲಿ ಲುಸಿಯಾ ಹಾಕಿದ ಬುಟ್ಟಿ ಒಲಿಂಪಿಕ್ ಮಹಿಳಾ ಬ್ಯಾಸ್ಕೆಟ್‌ಬಾಲ್ ಇತಿಹಾಸದಲ್ಲೇ ಮೊದಲನೆಯದು. ಆ ಪಂದ್ಯ ಅಮೆರಿಕಕ್ಕೆ ದಕ್ಕಲಿಲ್ಲ. ಕೊನೆಗೆ ಸೋವಿಯತ್ ತಂಡ ಚಿನ್ನ ಗೆದ್ದಿತು, ಅಮೆರಿಕಕ್ಕೆ ಬೆಳ್ಳಿ ಬಂತು.

ಇಷ್ಟೆಲ್ಲ ಗೆದ್ದ ಮೇಲೆ ಮುಂದೇನು? 1977ರಲ್ಲಿ ಪುರುಷರ ಎನ್‌ಬಿಎ ಲೀಗ್‌ನ ನ್ಯೂ ಆರ್ಲಿಯನ್ಸ್ ಜಾಝ್ ತಂಡ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನ ಏಳನೇ ಸುತ್ತಿನಲ್ಲಿ ಅವರ ಹೆಸರು ಕೂಗಿತು. 1969ರಲ್ಲಿ ಡೆನಿಸ್ ಲಾಂಗ್ ಎಂಬ ಹುಡುಗಿಯನ್ನು ಹೀಗೇ ಆರಿಸಿದ್ದರೂ ಲೀಗ್ ಅದನ್ನು ರದ್ದು ಮಾಡಿತ್ತು. ಹಾಗಾಗಿ ಅಧಿಕೃತವಾಗಿ ಆಯ್ಕೆಯಾದ ಮಹಿಳೆ ಲುಸಿಯಾ ಮಾತ್ರ. ಅವರು ಹೋಗಲಿಲ್ಲ. ಇದು ಬರೀ ಪ್ರಚಾರದ ಆಟ ಎಂದು ಅವರಿಗೆ ಅನ್ನಿಸಿತ್ತು. ಮೇಲಾಗಿ ಆಗ ಅವರು ಬಸುರಿ. ಜನ ಇವತ್ತಿಗೂ ಈ ಒಂದು ಸಂಗತಿಯನ್ನೇ ಎತ್ತಿ ಹೇಳುತ್ತಾರೆ. ನನಗೆ ಸಂಕಟವಾಗುವುದು ಬೇರೆ ಕಾರಣಕ್ಕೆ. ಇಂಥ ಆಟ ಆಡಿದ ಗಂಡಸಿಗೆ ತಂಡಗಳು ಕ್ಯೂ ನಿಲ್ಲುತ್ತಿದ್ದವು. ಇಪ್ಪತ್ತೆರಡರ ಲುಸಿಯಾಗೆ ಸ್ವದೇಶದಲ್ಲಿ ಆಡಲು ಮಹಿಳೆಯರ ವೃತ್ತಿಪರ ಲೀಗ್ ಒಂದೂ ಇರಲಿಲ್ಲ.

ಆಮೇಲೆ ಹುಟ್ಟಿದ ಒಂದು ಲೀಗ್‌ನಲ್ಲಿ, 1979–80ರಲ್ಲಿ, ಹ್ಯೂಸ್ಟನ್ ಏಂಜಲ್ಸ್ ಪರ ಒಂದು ಋತು ಆಡಿದರು. ಆ ಲೀಗೂ ಬೇಗ ಮುಚ್ಚಿತು. ಬೈಪೋಲಾರ್ ಎಂಬ ಮನೋವ್ಯಾಧಿಯ ಜೊತೆ ಸೆಣಸುತ್ತಲೇ ನಾಲ್ಕು ಮಕ್ಕಳನ್ನು ಬೆಳೆಸಿದರು, ಮಿಸಿಸಿಪಿಯಲ್ಲಿ ಶಿಕ್ಷಕಿಯಾಗಿ, ಕೋಚ್ ಆಗಿ ದುಡಿದರು. 1992ರಲ್ಲಿ ಬ್ಯಾಸ್ಕೆಟ್‌ಬಾಲ್‌ನ ನೈಸ್ಮಿತ್ ಹಾಲ್ ಆಫ್ ಫೇಮ್‌ಗೆ ಸೇರಿದ ಮೊದಲ ಕಪ್ಪು ಮಹಿಳೆಯಾದಾಗ ಪಕ್ಕದಲ್ಲಿ ನಿಂತು ಬರಮಾಡಿಕೊಂಡವರು ಆಸ್ಕರ್ ರಾಬರ್ಟ್‌ಸನ್. ಮಹಿಳೆಯರ ಡಬ್ಲ್ಯುಎನ್‌ಬಿಎ ಲೀಗ್‌ನ ಪಂದ್ಯಗಳು ಶುರುವಾಗುವಷ್ಟರಲ್ಲಿ 1997 ಬಂದಿತ್ತು, ಲುಸಿಯಾಗೆ ನಲವತ್ತೆರಡಾಗಿತ್ತು.

2021ರಲ್ಲಿ ನಿರ್ದೇಶಕ ಬೆನ್ ಪ್ರೌಡ್‌ಫುಟ್ ಲುಸಿಯಾ ಮೇಲೆ 'ದಿ ಕ್ವೀನ್ ಆಫ್ ಬ್ಯಾಸ್ಕೆಟ್‌ಬಾಲ್' ಎಂಬ ಕಿರು ಸಾಕ್ಷ್ಯಚಿತ್ರ ಮಾಡಿದರು. ಅದರಲ್ಲಿ ಲುಸಿಯಾ ಅವರೇ ನಗುನಗುತ್ತ ಕಥೆ ಹೇಳುತ್ತಾರೆ. ಎನ್‌ಬಿಎಗೆ ಹೋಗದ ಬಗ್ಗೆ ವಿಷಾದವಿಲ್ಲ ಅನ್ನುತ್ತಾರೆ, ಮಕ್ಕಳ ಮಾತು ಬಂದಾಗ ಹೆಮ್ಮೆಪಡುತ್ತಾರೆ. 2022ರ ಜನವರಿಯಲ್ಲಿ, 66ರ ವಯಸ್ಸಿನಲ್ಲಿ ತೀರಿಕೊಂಡರು. ಚಿತ್ರಕ್ಕೆ ಆಸ್ಕರ್ ಪ್ರಶಸ್ತಿ ಬಂದದ್ದು ಅದಾಗಿ ಎರಡು ತಿಂಗಳಿಗೆ.